ನಿಂತ ಕಾರಿನ ಬ್ಯಾಟರಿ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

"ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತೀವಿ, ಆದರೂ ಬ್ಯಾಟರಿ ಹೋಯ್ತು." ಮೈಸೂರು, ಮಂಡ್ಯ ಕಡೆ ಈ ಮಾತು ಮತ್ತೆ ಮತ್ತೆ ಕೇಳುತ್ತದೆ. ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರ ಕಾರು ವಾರವಿಡೀ ಮನೆ ಮುಂದೆ ನಿಂತಿರುತ್ತದೆ. ಮಕ್ಕಳು ವಿದೇಶದಲ್ಲಿದ್ದಾರೆ, ಕುವೆಂಪುನಗರದ ಮನೆಯ ಪೋರ್ಟಿಕೋದಲ್ಲಿ ಕಾರು ಕವರ್ ಹೊದ್ದು ಕೂತಿದೆ. ಮದುವೆಗೋ ಆಸ್ಪತ್ರೆಗೋ ಹೊರಡಬೇಕಾದ ದಿನವೇ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು.

ತಪ್ಪು ನಡೆಯುವುದು ಕ್ರಮದಲ್ಲಿ. ಅಳತೆ ಮಾಡದೆ ಸ್ಟಾರ್ಟ್ ಮಾಡುತ್ತಾರೆ, ಸೋರಿಕೆ ಹುಡುಕದೆ ಚಾರ್ಜ್ ಮಾಡುತ್ತಾರೆ, ಪೂರ್ತಿ ಚಾರ್ಜ್ ಆಗದ ಬ್ಯಾಟರಿಯನ್ನು ಹಾಗೇ ತಿಂಗಳುಗಟ್ಟಲೆ ಬಿಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇಲ್ಲಿ ಹೇಳಿರುವುದೆಲ್ಲ ಪೆಟ್ರೋಲ್, ಡೀಸೆಲ್ ಕಾರುಗಳ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಗೆ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರು ಇದ್ದರೆ ಅದರ ಮ್ಯಾನ್ಯುಯಲ್ ನೋಡಿಯೇ ಮುಂದುವರಿಯಿರಿ. ಅದರಲ್ಲಿರುವ ಕಿತ್ತಳೆ ಬಣ್ಣದ ವೈರುಗಳ ಹತ್ತಿರ ಕೈ ಹಾಕಲೇಬೇಡಿ.

## ಐದು ನಿಮಿಷ ಸ್ಟಾರ್ಟ್ ಮಾಡಿದರೆ ಯಾಕೆ ಸಾಲದು

ಕಾರು ಲಾಕ್ ಆಗಿ ನಿಂತಿದ್ದರೂ ಅಲಾರಂ, ರಿಮೋಟ್ ರಿಸೀವರ್, ಕಂಪ್ಯೂಟರಿನ ನೆನಪು ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. 20ರಿಂದ 50 ಮಿಲಿಆಂಪ್ ಸಾಮಾನ್ಯ. 40 ಎಂದು ಹಿಡಿಯಿರಿ. ದಿನಕ್ಕೆ ಸುಮಾರು 1 ಎಎಚ್ (ಆಂಪ್-ಅವರ್, ಅಂದರೆ ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದಷ್ಟು), ವಾರಕ್ಕೆ ಸುಮಾರು 7 ಎಎಚ್ ಖಾಲಿ. ಸಣ್ಣ ಕಾರುಗಳಲ್ಲಿ ಇರುವುದೇ 35 ಎಎಚ್ ಆಸುಪಾಸಿನ ಬ್ಯಾಟರಿ. ಅಂದರೆ ವಾರಕ್ಕೆ ಐದನೇ ಒಂದು ಭಾಗ ಹೋಯಿತು.

ಈ 7 ಎಎಚ್ ಐದೇ ನಿಮಿಷದಲ್ಲಿ ವಾಪಸ್ ಬರಬೇಕಾದರೆ ಬ್ಯಾಟರಿಗೆ 80 ಆಂಪಿಗಿಂತ ಜಾಸ್ತಿ ಹೋಗಬೇಕು. ಐಡಲಿಂಗ್‌ನಲ್ಲಿ, ಅಂದರೆ ಕಾರು ನಿಂತಲ್ಲೇ ಇಂಜಿನ್ ಓಡುವಾಗ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಷ್ಟು ಕೊಡುವುದಿಲ್ಲ. ಕೊಟ್ಟರೂ ಬ್ಯಾಟರಿ ಅಷ್ಟು ವೇಗವಾಗಿ ತೆಗೆದುಕೊಳ್ಳುವುದಿಲ್ಲ. ಅದರ ಮೇಲೆ ನಾವು ಎಸಿ ಹಾಕಿ, ಹಾಡು ಹಾಕಿ ಕೂತಿರುತ್ತೇವೆ, ಅಲ್ವಾ? ಹೀಗೆ ಪ್ರತಿ ವಾರ ಸ್ವಲ್ಪ ಸ್ವಲ್ಪ ಕೊರತೆ ಸೇರಿ ಒಂದು ದಿನ ಕೈಕೊಡುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಮಾಡುವುದರಿಂದ ಆಯಿಲ್‌ನಲ್ಲಿ, ಸೈಲೆನ್ಸರ್‌ನಲ್ಲಿ ತೇವವೂ ಉಳಿಯುತ್ತದೆ.

ಅರ್ಧ ಖಾಲಿಯಾಗಿ ನಿಂತ ಬ್ಯಾಟರಿಯ ಒಳಗಿನ ಸೀಸದ ಪ್ಲೇಟುಗಳ ಮೇಲೆ ಗಟ್ಟಿ ಸಲ್ಫೇಟ್ ಪದರ ಕಟ್ಟುತ್ತದೆ. ಎಷ್ಟು ದಿನ ಹಾಗೆ ಬಿಡುತ್ತೀರೋ ಅಷ್ಟು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಪೂರ್ತಿ ಬರುವುದಿಲ್ಲ. ಆದ್ದರಿಂದ ಕಾರು ಸ್ಟಾರ್ಟ್ ಆದರೆ ಸಾಕು ಅಂದುಕೊಳ್ಳಬೇಡಿ. ಬ್ಯಾಟರಿ ಯಾವಾಗಲೂ ತುಂಬಿದ ಸ್ಥಿತಿಗೆ ಹತ್ತಿರ ಇರಬೇಕು.

ಇನ್ನೊಂದು ಮಾತು. ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಹಿಮ ಬೀಳುವ ದೇಶಗಳವು. ಅಲ್ಲಿ ಚಳಿಯ ಚಿಂತೆ. ನಮ್ಮಲ್ಲಿ ಬ್ಯಾಟರಿ ಹಾಳಾಗುವುದು ಶಾಖದಿಂದ. ಏಪ್ರಿಲ್‌ನಲ್ಲಿ 35 ಡಿಗ್ರಿ ಆಸುಪಾಸು ಬಿಸಿಲಿನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ ಇನ್ನೂ ಜಾಸ್ತಿ ಬಿಸಿ. ಶಾಖ 10 ಡಿಗ್ರಿ ಏರಿದರೆ ಬ್ಯಾಟರಿ ತಾನಾಗೇ ಖಾಲಿಯಾಗುವ ವೇಗ ಸರಿಸುಮಾರು ಎರಡರಷ್ಟಾಗುತ್ತದೆ. ನೆರಳಿದ್ದರೆ ಕಾರನ್ನು ನೆರಳಿಗೇ ಹಾಕಿ.

## ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್ ಒಂದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದಿಲ್ಲದೆ ಉಳಿದ ಕೆಲಸವೆಲ್ಲ ಅಂದಾಜಿನ ಮೇಲೆ ನಡೆಯುತ್ತದೆ.

10 ಎಂಎಂ ಸ್ಪ್ಯಾನರ್. ಬಹಳಷ್ಟು ಕಾರುಗಳ ಬ್ಯಾಟರಿ ಟರ್ಮಿನಲ್ ನಟ್‌ಗೆ ಇದೇ ಸಾಕು. ಹಳೆಯ ಟೂತ್‌ಬ್ರಷ್, ಅಡುಗೆ ಸೋಡಾ, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಸ್ಮಾರ್ಟ್ ಚಾರ್ಜರ್. ಬ್ಯಾಟರಿ ತುಂಬಿದ ಮೇಲೆ ತಾನಾಗೇ ವೋಲ್ಟೇಜ್ ಇಳಿಸಿಕೊಂಡು ಕಾಯ್ದುಕೊಳ್ಳುವಂಥದ್ದೇ ಬೇಕು. ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಆಂಪ್ ಇದ್ದರೆ ಸಾಕು. 35 ಎಎಚ್‌ಗೆ 4 ಆಂಪ್, ಡೀಸೆಲ್ ಕಾರಿನ 60-65 ಎಎಚ್‌ಗೆ 5ರಿಂದ 7 ಆಂಪ್. ಲಾರಿ, ಟ್ರ್ಯಾಕ್ಟರ್ ಬ್ಯಾಟರಿ ಅಂಗಡಿಗಳಲ್ಲಿರುವ ಹಳೇ ಕಾಲದ ದೊಡ್ಡ ಚಾರ್ಜರ್ ತಂದು ಮನೆಯಲ್ಲಿ ರಾತ್ರಿಯಿಡೀ ಬಿಡಬೇಡಿ. ಅದು ತಾನಾಗೇ ನಿಲ್ಲುವುದಿಲ್ಲ.

## ಹಂತ 1: ಮೊದಲು ವೋಲ್ಟೇಜ್ ಅಳೆಯಿರಿ

ಕಾರು ಓಡಿಸಿದ ತಕ್ಷಣ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅಳೆಯುವುದು ಒಳ್ಳೆಯದು. ಬಾನೆಟ್ ಹಿಂದಿನ ರಾತ್ರಿಯೇ ಸಡಿಲ ಮಾಡಿಟ್ಟಿದ್ದರೆ ಸುಲಭ.

ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕೆಂಪು ಕಡ್ಡಿ ಪಾಸಿಟಿವ್‌ಗೆ, ಕಪ್ಪು ಕಡ್ಡಿ ನೆಗೆಟಿವ್‌ಗೆ.

12.6 ಅಥವಾ ಮೇಲೆ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. 11.9ಕ್ಕಿಂತ ಕೆಳಗೆ ಹೋಗಿದ್ದರೆ ಹತ್ತಿರ ಹತ್ತಿರ ಖಾಲಿ. ಗಮನಿಸಿ, ತುಂಬಿದ್ದಕ್ಕೂ ಅರ್ಧಕ್ಕೂ ನಡುವೆ 0.4 ವೋಲ್ಟ್ ಮಾತ್ರ. "ಹನ್ನೆರಡು ವೋಲ್ಟ್ ಇದೆ, ಸರಿ ಇದೆ" ಎಂದು ಬಹಳ ಜನ ಮೋಸ ಹೋಗುವುದು ಇಲ್ಲೇ. 12.4ಕ್ಕೆ ಬಂದರೆ ಚಾರ್ಜ್ ಮಾಡುವ ಸಮಯ ಆಯಿತು ಎಂದುಕೊಳ್ಳಿ.

ಈಗ ಇನ್ನೊಬ್ಬರು ಸ್ಟಾರ್ಟ್ ಮಾಡುವಾಗ ಮೀಟರ್ ನೋಡಿ. ತುಂಬಿದ ಬ್ಯಾಟರಿ ಆ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲವಾಗಿದೆ. ಇಂಜಿನ್ ಓಡುತ್ತಿರುವಾಗ 13.8ರಿಂದ 14.7 ತೋರಿಸಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಬೇಕೆಂದೇ ಕೆಲವೊಮ್ಮೆ ಕಡಿಮೆ ಮಾಡುತ್ತದೆ, ಅದಕ್ಕೆ ಗಾಬರಿ ಬೇಡ. ಎಷ್ಟು ಹೊತ್ತಾದರೂ 12.5ರ ಕೆಳಗೇ ಇದ್ದರೆ ಮಾತ್ರ ಆಲ್ಟರ್ನೇಟರ್ ತೋರಿಸಿ. ಚಾರ್ಜಿಂಗ್ ಕಡೆಯೇ ದೋಷ ಇದ್ದರೆ ಮುಂದಿನ ಹಂತಗಳೆಲ್ಲ ವ್ಯರ್ಥ.

## ಹಂತ 2: ಕರೆಂಟ್ ಎಲ್ಲಿ ಸೋರುತ್ತಿದೆ ಹುಡುಕಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಸೋರಿಕೆ ಹಾಗೇ ಇಟ್ಟು ಚಾರ್ಜ್ ಮಾಡುವುದೆಂದರೆ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಪಾರ್ಕಿಂಗ್ ಮೋಡ್‌ನಲ್ಲಿರುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಒಬಿಡಿ ಪೋರ್ಟಿಗೆ (ಕಾರಿನ ದೋಷ ಪರೀಕ್ಷಿಸುವ ಸಾಕೆಟ್) ಸಿಕ್ಕಿಸಿದ ಡಾಂಗಲ್, ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಆಂಪ್ಲಿಫೈಯರ್. ಡಿಕ್ಕಿ ದೀಪ, ಗ್ಲೌವ್ ಬಾಕ್ಸ್ ದೀಪ ಮುಚ್ಚಿದ ಮೇಲೂ ಉರಿಯುತ್ತಿರಬಹುದು. ಒಳಗೆ ಫೋನ್ ಇಟ್ಟು ವೀಡಿಯೊ ರೆಕಾರ್ಡ್ ಮಾಡಿ ಮುಚ್ಚಿದರೆ ಗೊತ್ತಾಗುತ್ತದೆ. ಫಾಸ್ಟ್ಯಾಗ್ ಬಗ್ಗೆ ಚಿಂತೆ ಬೇಡ, ಅದು ಕಾರಿನ ಬ್ಯಾಟರಿಯಿಂದ ಏನೂ ತೆಗೆದುಕೊಳ್ಳುವುದಿಲ್ಲ. ಕೀಲೆಸ್ ಕಾರಾದರೆ ಕೀಯನ್ನು ಕಾರಿನ ಪಕ್ಕದ ಗೋಡೆಗೆ ನೇತುಹಾಕಬೇಡಿ. ಕೀ ಹತ್ತಿರ ಇದ್ದರೆ ಕೆಲವು ಕಾರುಗಳು ನಿದ್ದೆಗೇ ಹೋಗುವುದಿಲ್ಲ.

ಆಮೇಲೆ ಅಳತೆ. ಕ್ರಮ ತಪ್ಪಬೇಡಿ.

1. ಎಲ್ಲಾ ಆಫ್ ಮಾಡಿ, ಕೀ ದೂರ ಇಡಿ. ಬಾನೆಟ್ ತೆರೆದಿರಲಿ, ಬಾಗಿಲು ಮುಚ್ಚಿರಲಿ.

2. ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಹಾಕಿ, ಡಿಸಿ ಆಂಪ್‌ಗೆ ತಿರುಗಿಸಿ.

3. ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಬಿಚ್ಚಿ. ಮೀಟರಿನ ಒಂದು ಕಡ್ಡಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಬಿಚ್ಚಿದ ಕ್ಲಾಂಪಿಗೆ. ಪಾಸಿಟಿವ್ ಮುಟ್ಟುವುದೇ ಬೇಡ.

4. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗಬೇಕು. ಜೋಡಿಸಿದ ತಕ್ಷಣ ಬಂದ ದೊಡ್ಡ ಸಂಖ್ಯೆ ನೋಡಿ ಹೆದರುವವರು ಬಹಳ.

5. 0.05 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂದರೆ 50 ಮಿಲಿಆಂಪ್ ಒಳಗೆ ಇದ್ದರೆ ಸರಿ. 0.2 ತೋರಿಸಿದರೆ ದಿನಕ್ಕೆ ಸುಮಾರು 5 ಎಎಚ್ ಹೋಗುತ್ತಿದೆ. 35 ಎಎಚ್ ಬ್ಯಾಟರಿ ಮೂರು ನಾಲ್ಕು ದಿನದಲ್ಲಿ ಅರ್ಧ ಖಾಲಿ.

6. ಜಾಸ್ತಿ ಇದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಸಂಖ್ಯೆ ಇಳಿಯುತ್ತದೋ ಆ ಲೈನಿನಲ್ಲಿ ತೊಂದರೆ. ಕಿತ್ತ ಜಾಗದ ಫೋಟೋ ಮೊದಲೇ ತೆಗೆದಿಡಿ. ಕಾರಿನೊಳಗಿನ ಫ್ಯೂಸ್ ಬಾಕ್ಸಿಗಾಗಿ ಬಾಗಿಲು ತೆರೆದರೆ ಕಾರು ಎಚ್ಚರವಾಗುತ್ತದೆ. ಮತ್ತೆ ಮಲಗುವವರೆಗೆ ಕಾಯಲೇಬೇಕು.

ಎಚ್ಚರ: ಮೀಟರ್ ಹೀಗೆ ಸೇರಿಸಿರುವಾಗ ಕೀ ಆನ್ ಮಾಡಬೇಡಿ, ಸ್ಟಾರ್ಟ್ ಅಂತೂ ಮಾಡಲೇಬೇಡಿ. ಮೀಟರಿನ ಫ್ಯೂಸ್ ಸುಡುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಆಂಪ್ ತೂತಿನಲ್ಲೇ ಬಿಟ್ಟು ಮುಂದಿನ ಸಲ ಬ್ಯಾಟರಿಯ ಎರಡು ಕಂಬಕ್ಕೆ ಮುಟ್ಟಿಸಿದರೆ ನೇರ ಶಾರ್ಟ್ ಆಗುತ್ತದೆ.

ಮಂಡ್ಯ ಸುತ್ತಮುತ್ತ ಗದ್ದೆ, ಕಬ್ಬಿನ ತೋಟದ ಪಕ್ಕದಲ್ಲಿ ಶೆಡ್ ಇರುವವರು ವೈರಿಂಗ್ ಮೇಲೂ ಕಣ್ಣು ಹಾಯಿಸಿ. ಕಟಾವು ಆದ ಮೇಲೆ ಇಲಿಗಳು ಬಾನೆಟ್ ಒಳಗೆ ಸೇರುತ್ತವೆ. ಅವು ಕಡಿದ ವೈರಿನಿಂದಲೂ ಸೋರಿಕೆ ಆಗುತ್ತದೆ. ಹಿಕ್ಕೆ, ಹುಲ್ಲು, ಚೂರು ಪ್ಲಾಸ್ಟಿಕ್ ಕಂಡರೆ ಅದೇ ಗುರುತು.

## ಹಂತ 3: ಟರ್ಮಿನಲ್ ಶುಚಿ ಮಾಡಿ, ನೀರು ನೋಡಿ

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ವಾಪಸ್ ಹಾಕುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ.

ಈ ಕ್ರಮಕ್ಕೆ ಕಾರಣ ಇದೆ. ಕಾರಿನ ಮೈಯೆಲ್ಲ ನೆಗೆಟಿವ್‌ಗೆ ಸೇರಿದೆ. ನೆಗೆಟಿವ್ ಇನ್ನೂ ಇರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಉಂಗುರ, ಲೋಹದ ಗಡಿಯಾರ ತೆಗೆದಿಟ್ಟೇ ಕೆಲಸ ಶುರು ಮಾಡಿ.

ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ನೀರಿನ ಮಟ್ಟ ನೋಡಿ. ಪ್ಲೇಟು ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಮೇಲಿನ ಗೆರೆಯವರೆಗೆ ತುಂಬುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಆರ್‌ಒ ಫಿಲ್ಟರ್ ನೀರು ಬೇಡ, ಅದರಲ್ಲಿ ಲವಣ ಉಳಿದಿರುತ್ತದೆ. ಕಾವೇರಿ ನೀರು ಕುಡಿಯಲು ಎಷ್ಟೇ ಚೆನ್ನಾಗಿದ್ದರೂ ಬ್ಯಾಟರಿಗೆ ಆಗದು. ಆಸಿಡ್ ಅಂತೂ ಮನೆಯಲ್ಲಿ ಹಾಕಲೇಬೇಡಿ.

## ಹಂತ 4: ಪೂರ್ತಿ ಚಾರ್ಜ್ ಮಾಡಿ

ಗಾಳಿಯಾಡುವ ಜಾಗ ಬೇಕು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ. ಹತ್ತಿರ ಬೀಡಿ, ಸಿಗರೇಟು, ದೀಪ, ಊದುಬತ್ತಿ ಯಾವುದೂ ಬೇಡ. ಕಾರ್ ಕವರ್ ಮೇಲೆ ಹೊದಿಸಬೇಡಿ.

1. ಚಾರ್ಜರಿನಲ್ಲಿ ಬ್ಯಾಟರಿಯ ಬಗೆ ಆರಿಸಿ. ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ತಾನಾಗೇ ಆಫ್ ಆಗುವ ಸೌಲಭ್ಯ) ಇರುವ ಕಾರುಗಳಲ್ಲಿ ಎಜಿಎಂ ಅಥವಾ ಇಎಫ್‌ಬಿ ಎಂಬ ಬೇರೆ ಬಗೆಯ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ, ಬ್ಯಾಟರಿಯ ಲೇಬಲ್ ಓದಿ. ಲಿಥಿಯಂ ಮೋಡ್ ಬೇಡ. ರಿಕಂಡಿಷನ್ ಮೋಡ್ ವೋಲ್ಟೇಜನ್ನು 15ರ ಮೇಲೆ ಒಯ್ಯಬಹುದು, ಬ್ಯಾಟರಿ ಕಾರಿನಲ್ಲಿ ಜೋಡಿಸಿರುವಾಗ ಅದನ್ನು ಹಾಕಬೇಡಿ.

2. ಪ್ಲಗ್ ಆಫ್ ಇರುವಾಗಲೇ ಕೆಂಪು ಕ್ಲಿಪ್ ಪಾಸಿಟಿವ್‌ಗೆ ಹಾಕಿ.

3. ಕಪ್ಪು ಕ್ಲಿಪ್ ಬ್ಯಾಟರಿಯಿಂದ ದೂರದ ಬಣ್ಣವಿಲ್ಲದ ಲೋಹಕ್ಕೆ ಅಥವಾ ಮ್ಯಾನ್ಯುಯಲ್ ಹೇಳಿದ ಅರ್ತ್ ಬೋಲ್ಟಿಗೆ. ಇದರಿಂದ ಕಿಡಿ ಬ್ಯಾಟರಿಯ ಹತ್ತಿರ ಹಾರುವುದಿಲ್ಲ. ಹೊಸ ಕಾರುಗಳಲ್ಲಿ ನೆಗೆಟಿವ್ ಕಂಬದ ಮೇಲೆ ಒಂದು ಸೆನ್ಸರ್ ಇರುತ್ತದೆ. ಕಪ್ಪು ಕ್ಲಿಪ್ಪನ್ನು ಕಾರಿನ ಮೈಗೆ ಹಾಕಿದರೆ ಆ ಸೆನ್ಸರಿಗೂ ಚಾರ್ಜ್ ಲೆಕ್ಕ ಸಿಗುತ್ತದೆ.

4. ಈಗ ಸ್ವಿಚ್ ಆನ್ ಮಾಡಿ. ತೆಗೆಯುವಾಗ ಮೊದಲು ಸ್ವಿಚ್ ಆಫ್, ಆಮೇಲೆ ಕಪ್ಪು, ಕೊನೆಗೆ ಕೆಂಪು.

ಅರ್ಧ ಖಾಲಿಯಾದ 35 ಎಎಚ್ ಬ್ಯಾಟರಿಗೆ 4 ಆಂಪ್ ಚಾರ್ಜರಿನಲ್ಲಿ ಐದು ಗಂಟೆ ಮುಖ್ಯ ಚಾರ್ಜ್. ಕೊನೆಯ ಭಾಗ ನಿಧಾನ, ಅದಕ್ಕೆ ಇನ್ನೂ ಎರಡು ಮೂರು ಗಂಟೆ ಬೇಕು. ಹಸಿರು ದೀಪ ಬರುವ ಮೊದಲೇ ಕಿತ್ತರೆ ಆ ಕೊನೆಯ ಭಾಗವೇ ಉಳಿದುಹೋಗುತ್ತದೆ, ಸಲ್ಫೇಟ್ ಕಟ್ಟುವುದು ಅಲ್ಲೇ.

ಮಧ್ಯದಲ್ಲಿ ಕರೆಂಟ್ ಹೋಗಿ ಬಂದರೆ ಕೆಲವು ಚಾರ್ಜರುಗಳು ತಾವಾಗೇ ಮುಂದುವರಿಯುವುದಿಲ್ಲ, ಬಟನ್ ಒತ್ತಲು ಕಾಯುತ್ತವೆ. ಮನೆಗೆ ತಂದ ದಿನವೇ ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಪರೀಕ್ಷಿಸಿ. ತಿಂಗಳುಗಟ್ಟಲೆ ಬಿಟ್ಟುಹೋಗುವವರಿಗೆ ಇದು ಬಹಳ ಮುಖ್ಯ. ಮಳೆಗಾಲದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಇಡಬೇಡಿ, ಬಾನೆಟ್ ಕೆಳಗೆ ವೈರ್ ಸಿಕ್ಕಿಕೊಳ್ಳದಂತೆ ನೋಡಿ.

ಅಪಾಯದ ಗುರುತುಗಳು. ಕೊಳೆತ ಮೊಟ್ಟೆಯ ವಾಸನೆ, ಬ್ಯಾಟರಿಯ ಪಕ್ಕ ಉಬ್ಬಿರುವುದು, ಕೈ ಇಡಲಾಗದಷ್ಟು ಬಿಸಿ. ಇವುಗಳಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ ಆಫ್ ಮಾಡಿ ದೂರ ಸರಿಯಿರಿ. ತಣ್ಣಗಾದ ಮೇಲೂ ಆ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ. ಆಸಿಡ್ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಿ.

## ಹಂತ 5: ಎಷ್ಟು ದಿನ ನಿಲ್ಲುತ್ತದೆ ನೋಡಿ ದಾರಿ ಆರಿಸಿ

ಎರಡು ವಾರದೊಳಗೆ. ಬ್ಯಾಟರಿ ತುಂಬಿದ್ದು ಸೋರಿಕೆ ಇಲ್ಲದಿದ್ದರೆ ಏನೂ ಮಾಡುವುದು ಬೇಡ. ಸುಮ್ನೆ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ.

ಎರಡು ವಾರದಿಂದ ಒಂದೂವರೆ ತಿಂಗಳು. ವಾರಕ್ಕೊಮ್ಮೆ ನಿಜವಾಗಿ ಓಡಿಸಿ, 40 ನಿಮಿಷ ಆದರೂ ಬೇಕು. ದೇವರಾಜ ಅರಸು ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋದರೆ ಲೆಕ್ಕಕ್ಕಿಲ್ಲ. ರಿಂಗ್ ರೋಡಿನಲ್ಲಿ ಒಂದು ಸುತ್ತು ಒಳ್ಳೆಯದು. ಸುಮಾರು 40 ಕಿಲೋಮೀಟರ್, ಇಂಜಿನ್ ಒಂದೇ ವೇಗದಲ್ಲಿ ತಿರುಗುತ್ತದೆ, ಟೈರು, ಬ್ರೇಕಿಗೂ ಕೆಲಸ ಸಿಗುತ್ತದೆ. ದಸರಾ ದಿನಗಳಲ್ಲಿ ಅರಮನೆ ಸುತ್ತಮುತ್ತ ಮನೆ ಇರುವವರಿಗೆ ಕಾರು ಹೊರತೆಗೆಯುವುದೇ ಕಷ್ಟ. ಹಬ್ಬ ಶುರುವಾಗುವ ಮೊದಲೇ ಒಮ್ಮೆ ಪೂರ್ತಿ ಚಾರ್ಜ್ ಮಾಡಿಬಿಡಿ. ಓಡಿಸಲು ಯಾರೂ ಇಲ್ಲದಿದ್ದರೆ ಎರಡು ವಾರಕ್ಕೊಮ್ಮೆ ರಾತ್ರಿಯಿಡೀ ಸ್ಮಾರ್ಟ್ ಚಾರ್ಜರ್ ಹಾಕಿ.

ಅದಕ್ಕಿಂತ ಜಾಸ್ತಿ. ಇಲ್ಲಿ ಎರಡು ದಾರಿ. ಪೋರ್ಟಿಕೋದಲ್ಲಿ ಪ್ಲಗ್ ಪಾಯಿಂಟ್ ಇದ್ದು, ಆಗಾಗ ನೋಡುವವರು ಮನೆಯಲ್ಲಿದ್ದರೆ ಸ್ಮಾರ್ಟ್ ಚಾರ್ಜರನ್ನು ಜೋಡಿಸಿಯೇ ಇಡಿ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಪ್ಲಗ್ ಇಲ್ಲ, ಅಥವಾ ಮನೆಗೇ ಬೀಗ ಹಾಕಿ ಹೊರಡುತ್ತಿದ್ದೀರಿ ಎಂದಾದರೆ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚಿಡಿ. ಬಿಚ್ಚಿದ ಕ್ಲಾಂಪಿಗೆ ಬಟ್ಟೆ ಸುತ್ತಿ ಕಂಬಕ್ಕೆ ತಾಗದಂತೆ ಪಕ್ಕಕ್ಕೆ ಸರಿಸಿ. ಎರಡು ತಿಂಗಳಿಗೊಮ್ಮೆ ನೆಂಟರೋ ಅಕ್ಕಪಕ್ಕದವರೋ ಬಂದು ವೋಲ್ಟೇಜ್ ನೋಡಲಿ. 12.4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮತ್ತೆ ಚಾರ್ಜ್.

ಬಿಚ್ಚುವ ಮೊದಲು ಇಷ್ಟು ನೆನಪಿರಲಿ. ರಿಮೋಟ್ ಕೆಲಸ ಮಾಡುವುದಿಲ್ಲ, ಅಲಾರಂ ಇರುವುದಿಲ್ಲ. ಕೀಲೆಸ್ ರಿಮೋಟಿನ ಒಳಗಿರುವ ಲೋಹದ ಕೀಯಿಂದ ಬಾಗಿಲು ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಡಿಕ್ಕಿಯಲ್ಲಿ ಬ್ಯಾಟರಿ ಇರುವ ಕಾರಾದರೆ ಡಿಕ್ಕಿ ತೆರೆಯುವ ಬೇರೆ ದಾರಿ ತಿಳಿದುಕೊಳ್ಳಿ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಡಿ. ಮತ್ತೆ ಜೋಡಿಸಿದ ಮೇಲೆ ಗಡಿಯಾರ ಸರಿ ಮಾಡಬೇಕು, ಕಿಟಕಿಗಳ ಆಟೋ ಬಟನ್ ಮತ್ತೆ ಕಲಿಸಬೇಕಾಗಬಹುದು, ಐಡಲಿಂಗ್ ಸ್ವಲ್ಪ ಹೊತ್ತು ಏರಿಳಿಯಬಹುದು.

ಸೋಲಾರ್ ಚಾರ್ಜರ್ ಕೇಳುವವರಿಗೆ: ತೆರೆದ ಬಿಸಿಲಿದ್ದರೆ 10 ವಾಟ್‌ನ ಪ್ಯಾನೆಲ್ ಸಾಕು, ನಡುವೆ ಚಾರ್ಜ್ ಮಿತಿ ಮೀರದಂತೆ ತಡೆಯುವ ಕಂಟ್ರೋಲರ್ ಇರಬೇಕು. ಸಿಗರೇಟ್ ಲೈಟರ್ ಸಾಕೆಟಿಗೆ ಸಿಕ್ಕಿಸಿದರೆ ಬಹಳಷ್ಟು ಕಾರುಗಳಲ್ಲಿ ಏನೂ ಆಗುವುದಿಲ್ಲ, ಯಾಕೆಂದರೆ ಕೀ ಆಫ್ ಆದಾಗ ಆ ಸಾಕೆಟ್ ಕೂಡ ಆಫ್. ನೇರ ಬ್ಯಾಟರಿಗೆ ಜೋಡಿಸಿ. ಶೆಡ್ಡಿನೊಳಗೆ ಇಟ್ಟ ಪ್ಯಾನೆಲ್‌ನಿಂದ ಉಪಯೋಗವಿಲ್ಲ.

## ಹಂತ 6: ಆಗಲೇ ಡೆಡ್ ಆಗಿದ್ದರೆ

ಸಮಯ ಇದ್ದರೆ ಚಾರ್ಜರ್ ಹಾಕಿ. ತೀರಾ ಖಾಲಿಯಾದ ಬ್ಯಾಟರಿಯನ್ನು ಕೆಲವು ಸ್ಮಾರ್ಟ್ ಚಾರ್ಜರುಗಳು ಗುರುತಿಸುವುದೇ ಇಲ್ಲ. ಆಗ ಬ್ಯಾಟರಿ ಅಂಗಡಿಗೆ ಕೊಡಿ.

ತುರ್ತಾಗಿ ಹೊರಡಬೇಕಾದರೆ ಜಂಪ್ ಸ್ಟಾರ್ಟ್. ಎರಡೂ ಕಾರು ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ಡೆಡ್ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ಡೆಡ್ ಕಾರಿನ ಇಂಜಿನ್ ಲೋಹಕ್ಕೆ. ಒಳ್ಳೆಯ ಕಾರಿನ ಇಂಜಿನನ್ನು ನಿಂತಲ್ಲೇ ಐದು ನಿಮಿಷ ಆನ್ ಇಡಿ, ಆಮೇಲೆ ಡೆಡ್ ಕಾರನ್ನು ಸ್ಟಾರ್ಟ್ ಮಾಡಿ. ತೆಗೆಯುವುದು ಉಲ್ಟಾ ಕ್ರಮದಲ್ಲಿ. ಟ್ರ್ಯಾಕ್ಟರಿನಿಂದ ಜಂಪ್ ಕೊಡಬಹುದೇ ಎಂದು ಮಂಡ್ಯ ಕಡೆ ಕೇಳುತ್ತಾರೆ. 12 ವೋಲ್ಟಿನದಾದರೆ ಮಾತ್ರ. ದೊಡ್ಡ ಲಾರಿ, ಬಸ್ಸುಗಳು 24 ವೋಲ್ಟ್, ಅವುಗಳ ಹತ್ತಿರ ಹೋಗಬೇಡಿ, ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವುದು ಆಟೋಮ್ಯಾಟಿಕ್ ಕಾರುಗಳಿಗೆ ಆಗದು. ಮ್ಯಾನ್ಯುಯಲ್ ಗೇರ್ ಇದ್ದರೂ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಫ್ಯೂಯಲ್ ಪಂಪಿಗೇ ಕರೆಂಟ್ ಇರುವುದಿಲ್ಲ.

ಜಂಪ್ ಆದ ಮೇಲೆ ಮೈಸೂರಿನಿಂದ ಮಂಡ್ಯಕ್ಕೆ ಓಡಿಸಿಬಿಟ್ಟರೆ ತುಂಬಿತು ಎಂದುಕೊಳ್ಳಬೇಡಿ. ಆ ಸುಮಾರು 45 ಕಿಲೋಮೀಟರ್‌ನಲ್ಲಿ ಮತ್ತೆ ಸ್ಟಾರ್ಟ್ ಆಗುವಷ್ಟು ಸೇರುತ್ತದೆ, ಅಷ್ಟೇ. ಅದೇ ರಾತ್ರಿ ಚಾರ್ಜರ್ ಹಾಕಿ.

## ಹಂತ 7: ಬದಲಿಸಬೇಕೋ ಬೇಡವೋ

ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚಿ 24 ಗಂಟೆ ಬಿಡಿ. ಆಮೇಲೆ ಅಳೆಯಿರಿ. 12.6 ನಿಂತಿದ್ದರೆ ಬ್ಯಾಟರಿ ಚೆನ್ನಾಗಿದೆ, ತಪ್ಪು ಸೋರಿಕೆಯದ್ದು. ಕಾರಿಗೆ ಜೋಡಿಸದೆಯೇ 12.4ಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿ ಒಳಗೇ ಕೆಟ್ಟಿದೆ. 10.5 ಆಸುಪಾಸು ಬಂದು ಅಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಅದನ್ನು ಉಳಿಸುವ ದಾರಿ ಇಲ್ಲ.

ಹೊಸದು ತರುವಾಗ ಹಳೆಯ ಬ್ಯಾಟರಿಯ ಎಎಚ್, ಟರ್ಮಿನಲ್ ಯಾವ ಕಡೆ ಇದೆ, ಯಾವ ಬಗೆಯದು ಎಂಬುದರ ಫೋಟೋ ಅಂಗಡಿಗೆ ಒಯ್ಯಿರಿ. ಎಜಿಎಂ ಇದ್ದ ಜಾಗಕ್ಕೆ ಸಾಮಾನ್ಯ ಬ್ಯಾಟರಿ ಹಾಕಿಸಬೇಡಿ. ತಯಾರಾದ ತಿಂಗಳು ನೋಡಿ. ಅಂಗಡಿಯಲ್ಲೇ ಆರು ತಿಂಗಳಿಗಿಂತ ಹೆಚ್ಚು ಕೂತ ಬ್ಯಾಟರಿ ಬೇಡ. ಮೀಟರ್ ಜೊತೆಗೇ ಹೋಗಿ ಅಲ್ಲೇ ಅಳೆಯಿರಿ, 12.5ಕ್ಕಿಂತ ಕಡಿಮೆ ಇದ್ದರೆ ಬೇರೆ ಕೇಳಿ. ಹಳೆಯದನ್ನು ಗುಜರಿ ಗಾಡಿಗೆ ಹಾಕದೆ ಅದೇ ಅಂಗಡಿಗೆ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು, ಬೆಲೆಯಲ್ಲೂ ಸ್ವಲ್ಪ ಕಡಿತ ಸಿಗುತ್ತದೆ. ವಾರಂಟಿ ಕಾರ್ಡಿನಲ್ಲಿ ಆ ದಿನದ ತಾರೀಕು, ಅಂಗಡಿಯ ಸೀಲು ಬಿದ್ದಿದೆಯೇ ನೋಡಿಕೊಂಡೇ ಹೊರಡಿ.